ಇಪ್ಪತ್ತಮೂರನೆಯ ಸಾವು

ಮಾಘ ಮುಗಿಯುತ್ತ ಬಂದಿತ್ತು. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ, ಆದರೆ ಹೊತ್ತು ಏರುವಷ್ಟರಲ್ಲಿ ಬಿಸಿಲು ಬೆನ್ನು ಸುಡುತ್ತಿತ್ತು. ಎರೆ ಹೊಲಗಳಲ್ಲಿ ಬಿಳಿಜೋಳ ಕಿತ್ತು ಸಾಲುಸಾಲಾಗಿ ಮಲಗಿಸಿದ್ದರು. ಹೆಂಗಸರು ಕೂತಲ್ಲೇ ಮುಂದೆ ಸರಿಯುತ್ತ ತೆನೆ ಮುರಿದು ಬುಟ್ಟಿಗೆ ಹಾಕುತ್ತಿದ್ದರು, ಗಂಡಸರು ತುಂಬಿದ ಬುಟ್ಟಿ ಹೊತ್ತು ಕಣಕ್ಕೆ ಸಾಗಿಸುತ್ತಿದ್ದರು. ನಾನು ನೀಲವ್ವನ ಪಕ್ಕದ ಸಾಲು ಹಿಡಿದಿದ್ದೆ. ನನ್ನ ಕೈಚೀಲ ಬದುವಿನ ಮೇಲಿತ್ತು, ಅದರಲ್ಲಿ ಊರಿನ ಸಾವಿನ ದಫ್ತರ. ಆ ದಿನಕ್ಕೆ ಇಪ್ಪತ್ತೊಂದು ಆಗಿತ್ತು. ಯುಗಾದಿಗೆ ಇನ್ನೂ ಒಂದು ತಿಂಗಳ ಮೇಲಿತ್ತು.

ಆ ಊರಿನಲ್ಲಿ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ಇಪ್ಪತ್ತಮೂರು ಜನ ಸಾಯುತ್ತಾರೆ. ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾಕೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವರನ್ನು, ಬಾವಿಯ ನೀರು ಯಾಕೆ ಸವುಳು ಎಂದು ಕೇಳಿದವರನ್ನು ನೋಡುವಂತೆ ನೋಡುತ್ತಾರೆ.

ನಾನು ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಸಂಶೋಧನೆಗೆ ಸೇರಿದವಳು. ಯಾವ ವಯಸ್ಸಿನವರು ಎಷ್ಟು ಮಂದಿ ಸಾಯುತ್ತಾರೆ ಎಂಬ ಕೋಷ್ಟಕ ಕಟ್ಟುವುದು, ಅದರ ಮೇಲೆ ವಿಮೆಯ ಕಂತು ಎಷ್ಟಿರಬೇಕೆಂದು ಲೆಕ್ಕ ಹಾಕುವುದು ನನ್ನ ವಿಷಯ. ಈ ಊರಿನ ಅರವತ್ತು ವರ್ಷದ ಪಟ್ಟಿ ನೋಡಿ ನನ್ನ ಮಾರ್ಗದರ್ಶಕರಾದ ಹಂಚಿನಮನಿ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. "ಏರಿಳಿತವೇ ಇಲ್ಲದ ಸಾವು ಭೂಮಿಯ ಮೇಲೆ ಇಲ್ಲಮ್ಮ. ಅಲ್ಲಿ ಯಾರೋ ತಪ್ಪು ಎಣಿಸ್ತಾ ಇದ್ದಾರೆ. ಹೋಗಿ ಒಂದು ವರ್ಷ ಕೂತು ನೀನೇ ಎಣಿಸು. ತಪ್ಪು ಸಿಕ್ಕರೆ ಅದೇ ನಿನ್ನ ಪ್ರಬಂಧ" ಎಂದಿದ್ದರು.

ಗೂಳಪ್ಪನ ಮನೆಯ ಪಡಸಾಲೆಯಲ್ಲಿ ನನಗೆ ಜಾಗ ಸಿಕ್ಕಿತು. ನಾನೂ ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು, ಕೂತು ಉಣ್ಣಲು ಮನಸ್ಸಾಗದೆ ಅವರ ಕೆಲಸಕ್ಕೆ ಕೈ ಹಚ್ಚಿದೆ. ಗೂಳಪ್ಪ ಮಾತು ಕಡಿಮೆಯ ಮನುಷ್ಯ, ಆದರೆ ಒಮ್ಮೆ ಆಡಿದರೆ ನಗು ತಡೆಯಲಾಗದು. ಅವನ ಹೆಂಡತಿ ನೀಲವ್ವ. ಮಗಳು ಕಸ್ತೂರಿ, ಚೈತ್ರದಲ್ಲಿ ಅವಳ ಮದುವೆ ಎಂದು ಮಾತಾಗಿತ್ತು. ಗೂಳಪ್ಪನ ತಾಯಿ ಬಸಲಿಂಗವ್ವ ತೊಂಬತ್ತು ದಾಟಿ, ಅಡುಗೆಮನೆಯ ಬಾಗಿಲ ಬಳಿ ಕೌದಿಯ ಮೇಲೆ ಮಲಗಿಯೇ ಇರುತ್ತಿದ್ದಳು.

ಅಪಾಯದ ಕೆಲಸಗಳನ್ನೆಲ್ಲ ಆ ಊರಿನವರು ಇಪ್ಪತ್ತಮೂರು ತುಂಬುವವರೆಗೆ ಮುಟ್ಟುವುದಿಲ್ಲ. ಬಾವಿಯ ಹೂಳು ತೆಗೆಯುವುದು, ಹಳೆಯ ಗೋಡೆ ಕೆಡವುವುದು, ಹುಚ್ಚೆದ್ದ ಹೋರಿಗೆ ಮೂಗುದಾರ ಹಾಕುವುದು, ಎಲ್ಲಕ್ಕೂ 'ತುಂಬಿದ ಮ್ಯಾಲೆ' ಎಂದು ಒಂದೇ ಮಾತು. ಹಗೇವು ತೆರೆಯುವುದೂ ಹಾಗೆಯೇ. ಅಂಗಳದ ನೆಲದಡಿಯಲ್ಲಿ ಎರಡಾಳು ಆಳದ ಗುಂಡಿ ಅದು. ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ನಮ್ಮ ಕಡೆ ಬಾಯಿ ತೆರೆದ ಮೇಲೆ ಒಂದು ಹಗಲು ಒಂದು ರಾತ್ರಿ ಬಿಟ್ಟು, ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಾರೆ. ಇಲ್ಲಿಯವರು ತುಂಬಿದ ದಿನಗಳಲ್ಲೇ ತೆರೆಯುತ್ತ ಬಂದು ಕಂದೀಲಿನ ರೂಢಿಯನ್ನೇ ಮರೆತಿದ್ದರು. ಕಲ್ಲು ಸರಿಸುವುದು, ಹಗ್ಗ ಹಿಡಿದು ಇಳಿಯುವುದು. ತಲೆ ತಿರುಗಿದರೆ ಮೇಲೆಳೆದು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು, ಏಳುತ್ತಿದ್ದರು.

ತುಂಬಿದ ದಿನಗಳೆಂದರೆ ಸುಖವೇ ಎಂದಲ್ಲ. ನಾನು ಬರುವ ಹಿಂದಿನ ವರ್ಷ ವಾಂತಿಭೇದಿ ಹಬ್ಬಿ ಶ್ರಾವಣಕ್ಕೇ ತುಂಬಿತ್ತಂತೆ. ಆಮೇಲೆ ಒಲೆಯ ಬೆಂಕಿ ಸೀರೆಗೆ ಹತ್ತಿದ ಹೆಂಗಸೊಬ್ಬಳು ಏಳು ತಿಂಗಳು ಬಾಳೆಲೆಯ ಮೇಲೆ ಮಲಗಿ ಯುಗಾದಿಯ ದಾರಿ ಕಾದಳು. ಪಾಡ್ಯದ ಬೆಳಿಗ್ಗೆ ಹೊಸ ವರ್ಷದ ಮೊದಲನೆಯವಳಾಗಿ ಹೋದಳು. ಆ ಓಣಿಯವರು ಅಂದೇ ಹೋಳಿಗೆ ಮಾಡಿದರಂತೆ, ಅವಳ ಮನೆಯವರೂ ಉಂಡರಂತೆ.

ಸತ್ತವರ ಮನೆಗೆ ಊರಿನ ಪ್ರತಿ ಮನೆಯಿಂದ ಒಂದು ಸೇರು ಜೋಳ ಚಾವಡಿಯ ಮೂಲಕ ಹೋಗುತ್ತದೆ, ಯಾವ ಮನೆಗೆ ಎಂದು ಕೊಡುವವರು ಕೇಳುವುದಿಲ್ಲ. ವರ್ಷಕ್ಕೆ ಇಪ್ಪತ್ತಮೂರು ಸೇರು, ಯಾವ ಮನೆಯವರಿಗೂ ಅನುಮಾನವಿಲ್ಲ. ಯಾವ ವಿಮಾ ಕಂಪನಿಯೂ ಕನಸಿನಲ್ಲೂ ಕಾಣದ ವ್ಯವಸ್ಥೆ ಅದು ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಬರೆದಾಗ ನನಗೆ ಬಹಳ ಖುಷಿಯಾಗಿತ್ತು.

ಎಣಿಕೆ ಅಡಿವೆಪ್ಪಜ್ಜನದಾಗಿತ್ತು. ಪ್ರತಿ ಹೆಣದ ಹಿಂದೆ ಅವನು ಮಸಣಕ್ಕೆ ಹೋಗಿ, ಅಲ್ಲಿಂದ ಒಂದು ಕಲ್ಲು ತಂದು ಚಾವಡಿಯ ಗೂಡಿನಲ್ಲಿಡುತ್ತಿದ್ದ. ಕಾರ್ತೀಕದಲ್ಲಿ ಅವನೇ ಹೋದ, ಹದಿನೇಳನೆಯವನಾಗಿ. ಊರ ಹಿರಿಯ ಚನ್ನಪಗೌಡರು ನನ್ನನ್ನು ಚಾವಡಿಗೆ ಕರೆಸಿ, "ಅಕ್ಕಾರ, ನೀವು ಹೆಂಗೂ ಬರಕೊಳ್ಳಾಕ ಬಂದೀರಿ. ಯುಗಾದಿ ತನಕ ನೀವ ಎಣಸ್ರಿ. ಕಲಿತವ್ರು, ನಮಗಿಂತ ಛಲೋ ಎಣಸ್ತೀರಿ" ಎಂದರು. ನಾನು ಒಪ್ಪಿದೆ. ಹೆಂಗಸರು ಮಸಣಕ್ಕೆ ಹೋಗುವ ಪದ್ಧತಿ ಅಲ್ಲಿರಲಿಲ್ಲ. ಸತ್ತವರ ಮನೆಯವರೇ ಬಂದು ನನಗೆ ಹೇಳಬೇಕು, ನಾನು ದಫ್ತರದಲ್ಲಿ ಬರೆಯಬೇಕು ಎಂದು ಗೊತ್ತಾಯಿತು. ಒಂದೇ ತೊಡಕು ಎಂದರೆ ಆ ಊರಿನಲ್ಲಿ ಸತ್ತವರ ಹೆಸರನ್ನು ಯುಗಾದಿ ಬರುವವರೆಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಂಥ ಮನೆಯ ಅಜ್ಜ, ಇಂಥ ಮನೆಯ ಸೊಸೆ ಎನ್ನುತ್ತಾರೆ ಅಷ್ಟೆ. ನಾನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ.

ತೆನೆ ಮುರಿಯುತ್ತಿದ್ದ ಆ ದಿನವೇ ಮಧ್ಯಾಹ್ನ ಮೇಲಿನ ಓಣಿಯ ಮೆಟ್ಟಿಲ ಮನೆಯ ಹಿರಿಮಗ ಹೊಲಕ್ಕೆ ಬಂದ. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದಿದ್ದ. "ನಮ್ಮ ತಂಗಿ ಹೋದ್ಲರಿ, ನಸಿಕಿನ್ಯಾಗ. ಮಣ್ಣು ಮಾಡಿ ಬಂದ್ವಿ. ಕಾಮಾಲಿ ಆಗಿತ್ತು. ನಲವತ್ತು ತುಂಬಿದ್ವು" ಎಂದ. ನಾನು ಬರೆದೆ: ಮೆಟ್ಟಿಲ ಮನೆಯ ಮಗಳು, ನಲವತ್ತು, ಕಾಮಾಲೆ. ಇಪ್ಪತ್ತೆರಡು.

ಇನ್ನು ಒಂದೇ ಉಳಿಯಿತು. ಒಂದೇ ಉಳಿದಾಗ ಆ ಊರು ಬೇರೆಯೇ ಊರಾಗುತ್ತದೆ. ಮಕ್ಕಳನ್ನು ಕೆರೆಯ ಕಡೆ ಬಿಡುವುದಿಲ್ಲ. ಬಂಡಿಯ ಮೇಲೆ ಯಾರೂ ನಿಂತು ಹೊಡೆಯುವುದಿಲ್ಲ. ಹಾಸಿಗೆ ಹಿಡಿದ ಮುದುಕರಿರುವ ಮನೆಗಳಿಗೆ ಜನ ಸುಮ್ಮನೆ ಬಂದು ಹೋಗುತ್ತಾರೆ. ನಮ್ಮ ಪಡಸಾಲೆಗೂ ಬಂದರು.

"ಆಯೀ, ಹೆಂಗದೀ?" ಎಂದು ಒಬ್ಬಳು ಬಾಗಿಲಲ್ಲೇ ನಿಂತು ಕೇಳಿದಳು.

"ಇನ್ನೂ ಅದೀನಿ ನೋಡವಾ," ಬಸಲಿಂಗವ್ವ ಕೌದಿಯೊಳಗಿಂದಲೇ ಅಂದಳು. "ನಿನ್ನ ಬಾವಿ ಹೂಳು ಹಂಗ ಉಳದೈತೇನು? ನಾನು ಸಾಯಲಿ ಅಂತ ಬಂದೀ, ಒಂದು ಬಾಳಿಹಣ್ಣರ ತರಬಾರದೇನ."

ಬಂದವಳು ನಾಚಿ ನಕ್ಕಳು. ಗೂಳಪ್ಪ ಹಗ್ಗ ಹೊಸೆಯುತ್ತ ಕೂತಿದ್ದವನು ತಲೆ ಎತ್ತದೆ ಅಂದ: "ಹಣ್ಣು ತಂದ್ರ ಗಟ್ಟ್ಯಾಗತಾಳ ಅಂತ ಅಂಜಿಕಿ, ಯವ್ವಾ."

ಆದರೆ ಎಲ್ಲರೂ ಹೋದ ಮೇಲೆ ಮುದುಕಿ ನನ್ನ ಕೈ ಹಿಡಿದುಕೊಂಡಳು. "ನಾ ಖರೇನ ಹೋಗಬೇಕಂತ ಮಾಡೀನಿ ತಂಗಿ. ಹಗೇ ತೆರೀದ ಮದುವಿ ಹೆಂಗ? ಮೂರು ದಿನ ಆತು, ರೊಟ್ಟಿ ಬಿಟ್ಟೀನಿ. ನೀಲವ್ವಗ ಹೇಳಬ್ಯಾಡ." ನಾನು ಹೇಳಲಿಲ್ಲ. ಅವಳ ಪಾಲಿನ ರೊಟ್ಟಿಯನ್ನು ನಾಯಿ ತಿನ್ನುತ್ತಿದ್ದದ್ದನ್ನು ನೋಡುತ್ತಿದ್ದೆ.

ಆ ಹಗೇವಿನಲ್ಲಿ ಎರಡು ವರ್ಷದ ಹಿಂದಿನ ಜೋಳವಿತ್ತು. ಅದನ್ನು ಮೇಲೆ ತೆಗೆದು ಮಾರಿದರೆ ಕಸ್ತೂರಿಯ ಮದುವೆ, ತೆಗೆದು ಖಾಲಿ ಮಾಡಿದರೆ ಈ ವರ್ಷದ ರಾಶಿಗೆ ಜಾಗ. ಕಣದಲ್ಲಿ ರಾಶಿ ಆಗಿ ಬಿದ್ದಿತ್ತು. ಗೂಳಪ್ಪ ದಿನಕ್ಕೆರಡು ಸಲ ಅಂಗಳಕ್ಕೆ ಬಂದು ಮಣ್ಣು ಮೆತ್ತಿದ ಕಲ್ಲನ್ನು ಪಾದದಿಂದ ತಟ್ಟಿ ನೋಡಿ ಹೋಗುತ್ತಿದ್ದ. "ಅಕ್ಕಾರ, ಯಾರರ ಬಂದಿದ್ರೇನು?" ಎಂದು ಕೇಳುತ್ತಿದ್ದ. ಕೇಳಿ ತಾನೇ ಮುಖ ತಿರುಗಿಸಿಕೊಳ್ಳುತ್ತಿದ್ದ.

ಹನ್ನೊಂದು ದಿನವಾದ ಮೇಲೆ ಕೆಳಗಿನ ಓಣಿಯ ದೊಡ್ಡಬಾಗಿಲ ಮನೆಯಿಂದ ಒಬ್ಬ ನಡುವಯಸ್ಸಿನವನು ಬಂದ. ನಾನು ಪಡಸಾಲೆಯಲ್ಲಿ ಕೂತು ವಾರ್ಷಿಕ ವರದಿ ಬರೆಯುತ್ತಿದ್ದೆ. ಅಂದು ಬೆಳಿಗ್ಗೆಯಷ್ಟೇ ಹಂಚಿನಮನಿ ಸರ್ ಫೋನು ಮಾಡಿ, ಹತ್ತು ದಿನದೊಳಗೆ ವರದಿ ಮುಟ್ಟದಿದ್ದರೆ ಶಿಷ್ಯವೇತನ ನಿಲ್ಲುತ್ತದೆ ಎಂದಿದ್ದರು.

"ನಮ್ಮ ಹಿರೀ ಸೊಸಿ ತೀರಿಕೊಂಡ್ಲರಿ, ಮೊನ್ನಿ ಸೋಮವಾರ," ಎಂದ ಅವನು. "ಕಾಮಾಲಿ. ವಯಸ್ಸು ಮೂವತ್ತಾರೋ ಮೂವತ್ತೇಳೋ."

ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು. ಕಾಮಾಲೆ. ಹೆಂಗಸು. "ಎಲ್ಲಿ ತೀರಿಕೊಂಡ್ರು?" ಎಂದು ಕೇಳಿದೆ.

"ಎಲ್ಲಿ ಅಂದ್ರ? ಊರಾಗರಿ." ಅವನ ಹುಬ್ಬು ಗಂಟಾಯಿತು. "ಸತ್ತವರದ ಎಷ್ಟು ಕೆದಕತೀರಿ? ಬರಕೊಳ್ಳೂದಾದ್ರ ಬರಕೋರಿ."

ದಿನ ಬೇರೆ, ವಯಸ್ಸು ಬೇರೆ, ಓಣಿ ಬೇರೆ. ಆದರೂ ಒಮ್ಮೆ ಎದ್ದು ಮೇಲಿನ ಓಣಿಗೆ ಹೋಗಿ ಮೆಟ್ಟಿಲ ಮನೆಯಲ್ಲಿ ಒಂದು ಮಾತು ಕೇಳಿ ಬರೋಣ ಎಂದು ನನಗೆ ಅನ್ನಿಸಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ. ಹೊರಗೆ ಬಿಸಿಲು ಧಗಧಗ ಅನ್ನುತ್ತಿತ್ತು. ಸತ್ತವರ ಮನೆಗೆ ಹೋಗಿ ಕೆದಕುವುದೆಂದರೆ ಮತ್ತೆ ಅದೇ ಗಂಟುಮುಖ. ಎದುರಿಗೆ ವರದಿಯಲ್ಲಿ ಕೊನೆಯ ಸಾಲು ಖಾಲಿ ಬಿದ್ದಿತ್ತು. ಬರೆದುಬಿಟ್ಟೆ: ದೊಡ್ಡಬಾಗಿಲ ಮನೆಯ ಸೊಸೆ, ಮೂವತ್ತಾರು, ಕಾಮಾಲೆ. ಇಪ್ಪತ್ತಮೂರು.

ಚಾವಡಿಯ ಮುಂದೆ ಹಲಗೆ ಬಾರಿಸಿದರು. ಸಂಜೆಯೊಳಗೆ ಊರಿನ ಮೈಯೆಲ್ಲ ಸಡಿಲಾಯಿತು. ಮಕ್ಕಳು ಕೆರೆಗೆ ಹಾರಿದರು. ಯಾರೋ ಬಂಡಿ ಓಡಿಸುತ್ತ ಓಣಿಯಲ್ಲಿ ಕೇಕೆ ಹಾಕಿದರು. ಗೂಳಪ್ಪ ಕಣದಿಂದ ಓಡಿಯೇ ಬಂದ. "ಅಕ್ಕಾರ, ನಿಮ್ಮ ಬಾಯಾಗ ಸಕ್ಕರಿ ಹಾಕಬೇಕು" ಎಂದ. ಬಸಲಿಂಗವ್ವ ಮಾತ್ರ ಗೋಡೆಯ ಕಡೆ ಹೊರಳಿ ಅತ್ತಳು. "ಇನ್ನೂ ಯುಗಾದಿ ತನಕ ಬಿದ್ದಿರಬೇಕಲ್ಲೋ ಮಗನ" ಎಂದಳು. ಗೂಳಪ್ಪ ಅವಳ ತಲೆ ನೇವರಿಸಿ, "ಬಿದ್ದಿರು, ಯವ್ವಾ. ಮೊಮ್ಮಗಳ ಮದುವಿ ಊಟ ಮಾಡಿ ಹೋಗೀಯಂತ" ಎಂದ.

ಮರುದಿನ ಬೆಳಿಗ್ಗೆ ಗೂಳಪ್ಪ ಗುದ್ದಲಿಯಿಂದ ಮಣ್ಣು ಕೆದರಿ ಕಲ್ಲು ಸರಿಸಿದ. ಹುಳಿ ಹುಳಿ ವಾಸನೆ ಅಂಗಳ ತುಂಬಿತು. "ಒಂದು ಹಗಲು ಬಿಡಬಾರದಾ, ಗೂಳಪ್ಪಣ್ಣ? ನಮ್ಮೂರಾಗ ಕಂದೀಲು ಬಿಟ್ಟು ನೋಡತಾರ" ಎಂದೆ.

"ನೀವ ಬರದ ಕೊಟ್ಟೀರಿ, ನೀವ ಅಂಜತೀರಲ್ಲ" ಎಂದು ನಕ್ಕ. ಧೋತರ ಎತ್ತಿ ಕಟ್ಟಿ, ಹಗ್ಗವನ್ನು ಕಂಬಕ್ಕೆ ಬಿಗಿದು, ಇಳಿದ. ನೀಲವ್ವ ಬುಟ್ಟಿ ಹಿಡಿದು ಬಾಯಿಯ ಬಳಿ ಕೂತಿದ್ದಳು.

ಒಂದು ಬುಟ್ಟಿ ಮೇಲೆ ಬಂತು. ಎರಡನೆಯದು ಬರಲಿಲ್ಲ. ನೀಲವ್ವ ಕೂಗಿದಳು. ಹಗ್ಗ ಎಳೆದಳು, ಹಗ್ಗ ಹಗುರಾಗಿ ಬಂತು. ಪಕ್ಕದ ಮನೆಯ ಇಬ್ಬರು ಗಂಡಸರು ಬಂದು, ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿ, ಗೂಳಪ್ಪನ ಕಂಕುಳಿಗೆ ಹಗ್ಗ ಹಾಕಿಸಿ ಎಳೆದರು. ಅಂಗಳದಲ್ಲಿ ಮಲಗಿಸಿ ನೀರು ಚಿಮುಕಿಸಿದರು. ತುಂಬಿದ ವರ್ಷ, ಏಳುತ್ತಾನೆ ಎಂದು ಎಲ್ಲರೂ ಸುತ್ತ ನಿಂತರು. ನೀಲವ್ವನಿಗೂ ಗಾಬರಿ ಇರಲಿಲ್ಲ. ಗಂಡನ ಮೂಗಿನ ಹೊಳ್ಳೆಗೆ ಅಂಟಿದ್ದ ಜೋಳದ ಹೊಟ್ಟನ್ನು ಸೆರಗಿನಿಂದ ಒರೆಸುತ್ತಿದ್ದಳು. ಹೊತ್ತು ನೆತ್ತಿಗೆ ಬಂತು. ಅವನ ಕೈಕಾಲು ಸೆಟೆದವು. ಆಗ ಯಾರೋ ಹಿಂದಿನಿಂದ, "ಇಪ್ಪತ್ನಾಕು" ಎಂದರು. ನೀಲವ್ವ ಚೀರಿದ್ದು ಆಮೇಲೆ.

ಅಂದು ಮಧ್ಯಾಹ್ನವೇ ಊರಿನ ಬಾಗಿಲುಗಳೆಲ್ಲ ಮುಚ್ಚಿದವು. ಕಣದ ರಾಶಿಯನ್ನು ಹಕ್ಕಿ ತಿಂದರೂ ಕಾಯಲು ಯಾರೂ ಹೋಗಲಿಲ್ಲ. ಮಣ್ಣಿಗೆ ನಾಲ್ಕು ಜನ ಸಿಗುವುದೂ ಕಷ್ಟವಾಯಿತು. ಚನ್ನಪಗೌಡರು ನಮ್ಮ ಕಟ್ಟೆಯ ಮೇಲೆ ಕೂತು, "ಅಕ್ಕಾರ, ಇಪ್ಪತ್ನಾಕು ಆತಂದ್ರ ಇಪ್ಪತ್ತೈದಕ್ಕ ಏನ ಅಡ್ಡ ಐತಿ? ಐವತ್ತಕ್ಕ ಏನ ಅಡ್ಡ ಐತಿ? ಮಂದಿ ಹೆಂಗ ಮಲಗಬೇಕು?" ಎಂದರು. ಉಳಿದ ಊರುಗಳ ಜನ ಹಾಗೆಯೇ ಮಲಗುತ್ತಾರೆ ಎಂದು ನಾನು ಹೇಳಲಿಲ್ಲ.

ಹಂಚಿನಮನಿ ಸರ್‌ಗೆ ಫೋನು ಮಾಡಿದೆ. ಸುದ್ದಿ ಕೇಳಿ ಅವರು "ಪಾಪ" ಎಂದರು. ಮತ್ತೆ, "ಇಪ್ಪತ್ತನಾಲ್ಕು! ನೋಡಿದೆಯಾ? ನಾನು ಹೇಳಿರಲಿಲ್ಲವಾ? ಇನ್ನು ನಿನ್ನ ಪ್ರಬಂಧಕ್ಕೆ ಯಾರೂ ಕೈ ಹಚ್ಚೋ ಹಾಗಿಲ್ಲ. ದಫ್ತರ ಜೋಪಾನ" ಎಂದರು.

ದಫ್ತರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಅದನ್ನು ಇದ್ದಂತೆ ಬಿಟ್ಟರೆ ಊರಿನ ನಿಯಮ ಮುರಿಯಿತು, ಗೂಳಪ್ಪನನ್ನು ಯಾರೂ ಕೊಲ್ಲಲಿಲ್ಲ, ನನಗೆ ಪದವಿ. ಎದ್ದು ಮೇಲಿನ ಓಣಿಗೆ ನಡೆದೆ. ಇಪ್ಪತ್ತಮೂರು ಎಂದು ಬರೆಯುವ ಮೊದಲೇ ನಡೆಯಬೇಕಿದ್ದ ದಾರಿ, ಎಣಿಸಿ ನೋಡಿದೆ, ಆರುನೂರು ಹೆಜ್ಜೆಯೂ ಇರಲಿಲ್ಲ.

ಮೆಟ್ಟಿಲ ಮನೆಯ ಮುದುಕಿ ಒರಳಿನ ಬಳಿ ಒಬ್ಬಳೇ ಕೂತಿದ್ದಳು. "ಅಮ್ಮಾ, ನಿಮ್ಮ ಮಗಳನ್ನ ಯಾವ ಮನಿಗೆ ಕೊಟ್ಟಿದ್ರಿ?" ಎಂದು ಕೇಳಿದೆ.

"ದೊಡ್ಡಬಾಗಿಲ ಮನಿಗವಾ. ಮಕ್ಕಳಾಗಲಿಲ್ಲಂತ ಮೂಲಿಗೆ ತಳ್ಳಿದ್ರು, ಜಡ್ಡಾದ ಮ್ಯಾಲೆ ಬಂಡ್ಯಾಗ ಹಾಕಿ ತಿರುಗಿ ಕಳಿಸಿದ್ರು. ಹೋದ ದಿನ ಅವರಿಗೆ ಹೇಳಿ ಕಳಿಸಲಿಲ್ಲ ನಾವು. ಯಾವ ಬಾಯಿಲೆ ಹೇಳೂದು? ವಾರದ ಮ್ಯಾಲೆ ಅವರ ಕಿವಿಗೆ ಬಿತ್ತಂತ. ಬಿದ್ದ ದಿನದಿಂದ ಸೂತಕ ಹಿಡದಾರಂತ." ಮುದುಕಿ ನನ್ನ ಮುಖ ನೋಡಿದಳು. "ಯಾಕ ಕೇಳಿದಿ?"

ಅವರಿಗೆ ಸುದ್ದಿ ಮುಟ್ಟಿದ ದಿನ ಸೋಮವಾರ, ಅದನ್ನೇ ಸಾವಿನ ದಿನವೆಂದು ಹಿಡಿದಿದ್ದರು. ಅವಳು ಮದುವೆಯಾಗಿ ಬಂದಾಗಿನ ವಯಸ್ಸಿನ ಮೇಲೆ ಅವರು ಅಂದಾಜು ಹಾಕಿದ್ದರು, ತಾಯಿ ಹೆತ್ತ ವರ್ಷದಿಂದ ಎಣಿಸಿದ್ದಳು. ಎರಡೂ ಮನೆಯವರು ಸುಳ್ಳು ಹೇಳಿರಲಿಲ್ಲ, ಇಬ್ಬರೂ ನ್ಯಾಯವಾಗಿಯೇ ಸೇರು ಜೋಳ ಪಡೆದಿದ್ದರು. ಪಡಸಾಲೆಗೆ ಬಂದು ನನ್ನ ಮನೆಪಟ್ಟಿ ತೆಗೆದು ನೋಡಿದೆ. ಮೆಟ್ಟಿಲ ಮನೆಯಲ್ಲಿ ಒಂಬತ್ತು ಜನ, ಅವಳನ್ನು ಸೇರಿಸಿ. ದೊಡ್ಡಬಾಗಿಲ ಮನೆಯಲ್ಲಿ ಹದಿನಾಲ್ಕು ಜನ, ಅವಳನ್ನು ಸೇರಿಸಿ. ಬದುಕಿದ್ದಾಗಲೂ ನಾನು ಅವಳನ್ನು ಎರಡು ಸಲ ಎಣಿಸಿದ್ದೆ. ಅವಳ ಹೆಸರು ಎರಡೂ ಕಡೆ ನನ್ನದೇ ಅಕ್ಷರದಲ್ಲಿತ್ತು.

ಮರುದಿನ ಚಾವಡಿಯಲ್ಲಿ ಹೇಳಿದೆ. ಗೌಡರಿದ್ದರು, ಓಣಿಯ ಹಿರಿಯರಿದ್ದರು, ಕಂಬದ ಮರೆಗೆ ನೀಲವ್ವ ಕೂತಿದ್ದಳು. "ತಪ್ಪು ನಂದು. ಒಬ್ಬಾಕೀನ್ನ ಎರಡು ಸಲ ಬರದೆ. ಹಲಗಿ ಬಾರಿಸಿದ ದಿನ ಇಪ್ಪತ್ತೆರಡ ಆಗಿತ್ತು. ಗೂಳಪ್ಪಣ್ಣ ಇಪ್ಪತ್ಮೂರನೆಯವರು."

ಹೆಸರು ಹೇಳಬಾರದಾಗಿತ್ತು, ಹೇಳಿಬಿಟ್ಟಿದ್ದೆ. ಅದನ್ನೂ ಯಾರೂ ಗಮನಿಸಲಿಲ್ಲ. ಕಲ್ಲು ಬೀಳುತ್ತದೆ, ಬೈಗುಳ ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಬಿದ್ದದ್ದು ಉಸಿರು. ಇಡೀ ಚಾವಡಿ ಒಮ್ಮೆಲೇ ಉಸಿರು ಬಿಟ್ಟಿತು. "ಹಂಗಾರ ತುಂಬೇತಿ" ಎಂದ ಒಬ್ಬ. "ಮುರದಿಲ್ಲ ಅಂದಂಗಾತು" ಎಂದ ಇನ್ನೊಬ್ಬ. ಗೌಡರು ಕೈ ಮುಗಿದು ಕಣ್ಣೊರೆಸಿಕೊಂಡರು. ಯಾರದೋ ಮುಖದ ಮೇಲೆ ನಗು ಬಂತು, ಅವನು ನೀಲವ್ವನನ್ನು ಕಂಡು ಅದನ್ನು ನುಂಗಿಕೊಂಡ. ಸಂಜೆ ಮತ್ತೆ ಹಲಗೆ ಬಾರಿಸಿದರು. ಮಕ್ಕಳು ಮತ್ತೆ ಕೆರೆಗೆ ಹೋದರು.

ನೀಲವ್ವ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ, ಆದರೆ ತಾಟಿಗೆ ರೊಟ್ಟಿ ಹಾಕುವುದನ್ನು ಬಿಡಲಿಲ್ಲ. ಬಸಲಿಂಗವ್ವ ಮತ್ತೆ ಉಣ್ಣತೊಡಗಿದ್ದಳು. ಉಣ್ಣದಿದ್ದರೂ ಸಾಯುವಂತಿರಲಿಲ್ಲ. "ನನ್ನ ಪಾಳಿ ಅಂವ ಕಸಗೊಂಡ" ಎಂದು ಗೋಡೆಗೆ ಹೇಳುತ್ತಿದ್ದಳು. ನನ್ನ ಶಿಷ್ಯವೇತನದಲ್ಲಿ ಉಳಿಸಿದ್ದ ಹಣವನ್ನೆಲ್ಲ ಒಂದು ಕವರಿನಲ್ಲಿ ಹಾಕಿ, ಕಸ್ತೂರಿಯ ಮದುವೆಗೆ ಎಂದು ನೀಲವ್ವನ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ಒಲೆಯ ಮುಂದೆ ಹಿಟ್ಟು ನಾದುತ್ತಲೇ ಬಾಯಿ ಬಿಟ್ಟಳು.

"ರೊಕ್ಕ ಬ್ಯಾಡ. ಒಂದು ಕೇಳತೀನಿ, ಕೊಡತೀರೇನು?"

"ಕೇಳ್ರಿ."

"ಯುಗಾದಿ ದಿನ ನಮ್ಮೂರಾಗ ಬೇವು ಕುಡದವ್ರು ಆ ವರ್ಷದ ಎಣಿಕಿಗೆ ಬರತಾರ. ಹೊರಗಿನವ್ರಾದ್ರೂ ಅಷ್ಟ. ಹೋದ ವರ್ಷ ನೀವು ಯುಗಾದಿ ಆದ ಮ್ಯಾಲೆ ಬಂದ್ರಿ, ಎಣಿಕ್ಯಾಗ ಇರಲಿಲ್ಲ. ನಮ್ಮನ್ನೆಲ್ಲ ಎಣಿಸಿದ್ರಿ, ನೀವು ಹೊರಗ ಇದ್ರಿ." ಹಿಟ್ಟಿನ ಮುದ್ದೆಯನ್ನು ಅವಳು ಮಗುಚಿ ಹಾಕಿದಳು. "ಈ ಸಲ ಬೇವು ಕುಡದು ಒಂದು ವರ್ಷ ಇರ್ರಿ. ಇಪ್ಪತ್ಮೂರರ ಒಳಗ ನೀವೂ ಒಬ್ರಾಗ್ರಿ. ನನ್ನ ಮಗಳ ಬಾಜೂಕ ನಿಂದರ್ರಿ. ಅಷ್ಟ."

ನನ್ನ ತಲೆ ಅಭ್ಯಾಸಬಲದಿಂದ ಲೆಕ್ಕ ಹಾಕಿತು. ಎರಡು ಸಾವಿರದ ಆರುನೂರು ಚಿಲ್ಲರೆ ಜನರಲ್ಲಿ ಇಪ್ಪತ್ತಮೂರು. ಸಾವಿರಕ್ಕೆ ಒಂಬತ್ತೂ ಇಲ್ಲ. ಇಪ್ಪತ್ತಾರು ವಯಸ್ಸಿನ ಆರೋಗ್ಯವಂತ ಹೆಂಗಸಿಗೆ ಅದರ ಕಾಲುಭಾಗವೂ ಬರುವುದಿಲ್ಲ. ನಾನು ಸೇರಿದ್ದರಿಂದ ಕಸ್ತೂರಿಗೆ ಇಳಿಯುವ ಭಾರ ಒಂದು ಜೋಳದ ಕಾಳಿನಷ್ಟೂ ಅಲ್ಲ. ಅದನ್ನೇ ನೀಲವ್ವನಿಗೆ ಹೇಳಿದೆ. ಬಹಳ ಸಣ್ಣದು, ನಿಮಗೆ ಅದರಿಂದ ಏನೂ ಆಗುವುದಿಲ್ಲ ಎಂದೆ.

ಅವಳು ಹಿಟ್ಟಿನ ಕೈ ಎತ್ತಿ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. "ಅಷ್ಟ ಸಣ್ಣದಿದ್ರ ಇರ್ರೆಲಾ ಮತ್ತ."

ನಾನು ಎದ್ದು ಪಡಸಾಲೆಗೆ ಬಂದೆ.

ಯುಗಾದಿಯ ಹಿಂದಿನ ದಿನ ಬೆಳಗಿನ ಬಸ್ಸಿಗೆ ಹೊರಟೆ. ನೀಲವ್ವ ಹೊಲಕ್ಕೆ ಹೋಗಿದ್ದಳು. ಕಸ್ತೂರಿ ನನ್ನ ಪೆಟ್ಟಿಗೆ ಹೊತ್ತು ಊರ ಅಗಸಿ ಬಾಗಿಲವರೆಗೆ ಬಂದಳು. ಅವಳ ಮದುವೆಯ ಮಾತನ್ನು ಮುಂದಿನ ವರ್ಷಕ್ಕೆ ಹಾಕಿದ್ದರು. ಬಸ್ಸು ಬಂದು ನಿಂತಾಗ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡದೆ ಹಿಡಿದುಕೊಂಡೇ ನಿಂತಳು.

"ಅವ್ವ ಕೇಳಂದಾಳ. ನಾಳೆ ಬೇವು ಕುಡದು ನಾಡದ ಹೋಗತೀರೇನು ಅಂತ."

"ಇಲ್ಲ ಕಸ್ತೂರಿ. ಪ್ರಬಂಧ ಒಪ್ಪಿಸೂ ದಿನ ಗೊತ್ತಾಗೇತಿ," ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

"ಹೂಂ," ಎಂದಳು. ಪೆಟ್ಟಿಗೆಯನ್ನು ಒಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಹೊಲದ ದಾರಿ ಹಿಡಿದಳು. ನಾನು ಕಿಟಕಿಯ ಪಕ್ಕ ಕೂತು ದಫ್ತರದ ಕೊನೆಯ ಹಾಳೆ ತೆಗೆದೆ. ಹೊಸ ವರ್ಷಕ್ಕೆ ಊರಿನ ಜನಸಂಖ್ಯೆ ಬರೆದು ಮುಗಿಸುವುದಿತ್ತು. ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆದು, ಎರಡು ಸಲ ಬರೆದವಳನ್ನು ಒಂದು ಮಾಡಿ, ಎರಡೆರಡು ಸಲ ತಾಳೆ ನೋಡಿದೆ. ಎರಡು ಸಾವಿರದ ಆರುನೂರ ಹನ್ನೊಂದು. ನನ್ನನ್ನು ಬಿಟ್ಟು.